ಡಿಸ್ಕಾಗ್ಸ್: ಪಟ್ಟಿ ಇಡಲು ಸೈ, ಬೆಲೆ ಕೇಳಲು ಅಲ್ಲ

ರೆಕಾರ್ಡುಗಳು ಇನ್ನೂರು ದಾಟಿದವೆಂದರೆ ಯಾವುದು ಇದೆ, ಯಾವುದು ಇಲ್ಲ ಎಂಬ ಲೆಕ್ಕ ತಪ್ಪುತ್ತದೆ. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಆಸೆಪಟ್ಟು ಕೊಂಡ ಇಪಿ (ಏಳಿಂಚಿನ ಚಿಕ್ಕ ರೆಕಾರ್ಡು), ಮನೆಯ ಕಪಾಟಿನಲ್ಲಿ ಆಗಲೇ ಎರಡಿರುತ್ತದೆ. ಈ ಲೆಕ್ಕಕ್ಕೆಂದು ಹೆಚ್ಚಿನ ಸಂಗ್ರಾಹಕರು ಹಿಡಿಯುವುದು ಡಿಸ್ಕಾಗ್ಸ್ ಅನ್ನು. 2000ದಲ್ಲಿ ಅಮೆರಿಕದಲ್ಲಿ ಕೆವಿನ್ ಲೆವಾಂಡೋವ್ಸ್ಕಿ ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿಗಾಗಿ ಶುರುಮಾಡಿದ ಜಾಲತಾಣ ಅದು. ಈಗ ಎಲ್ಲ ಬಗೆಯ ಸಂಗೀತವೂ ಅಲ್ಲಿದೆ, ಮಾಹಿತಿ ತುಂಬುವವರು ಬಳಕೆದಾರರೇ. ಸಂಗ್ರಹದ ಪಟ್ಟಿ ಇಡುವುದಕ್ಕೆ ದುಡ್ಡಿಲ್ಲ.

ಮೊದಲು ತಿಳಿಯಬೇಕಾದ್ದು ಮಾಸ್ಟರ್ ಮತ್ತು ರಿಲೀಸ್ ನಡುವಿನ ವ್ಯತ್ಯಾಸ. ಒಂದು ಆಲ್ಬಮ್‌ನ ಎಲ್ಲ ಮುದ್ರಣಗಳನ್ನೂ ಒಂದೇ ಕಡೆ ಕಟ್ಟಿಡುವುದು ಮಾಸ್ಟರ್. ರಿಲೀಸ್ ಎಂದರೆ ಅದರಲ್ಲಿ ಒಂದು ನಿರ್ದಿಷ್ಟ ಮುದ್ರಣ: ಇಂಥ ದೇಶ, ಇಂಥ ಲೇಬಲ್ (ಹೊರತಂದ ಕಂಪನಿ), ಆ ಕಂಪನಿ ಕೊಟ್ಟ ಇಂಥ ಕ್ಯಾಟಲಾಗ್ ನಂಬರು. ನಿಮ್ಮ ಪಟ್ಟಿಗೆ ಸೇರುವುದು ರಿಲೀಸ್. ಹೊಸಬರು ಮುಗ್ಗರಿಸುವುದು ಇಲ್ಲೇ. ಹೆಸರು ಹುಡುಕಿ, ಮೊದಲು ಕಂಡ ಇಂಗ್ಲೆಂಡ್ ಮುದ್ರಣಕ್ಕೆ ಟಿಕ್ ಹಾಕಿಬಿಡುತ್ತಾರೆ. ಕೈಯಲ್ಲಿರುವುದು ಕೋಲ್ಕತ್ತದ ದಮ್‌ದಮ್‌ನಲ್ಲಿದ್ದ ಎಚ್‌ಎಂವಿ ರೆಕಾರ್ಡು ಕಂಪನಿಯ ಕಾರ್ಖಾನೆಯದು. ಆಮೇಲೆ ತೋರುವ ಬೆಲೆ, ವರ್ಷ ಎಲ್ಲವೂ ಇನ್ಯಾರದೋ ಪ್ಲೇಟಿನದು.

ಆ್ಯಪ್‌ನಲ್ಲಿರುವ ಬಾರ್‌ಕೋಡ್ ಸ್ಕ್ಯಾನರ್ ಇತ್ತೀಚಿನ ಮರುಮುದ್ರಣಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. 60, 70ರ ದಶಕದ ಭಾರತೀಯ ರೆಕಾರ್ಡುಗಳಲ್ಲಿ ಬಾರ್‌ಕೋಡೇ ಇಲ್ಲ, ಹಾಗಾಗಿ ಅದನ್ನು ಮರೆತುಬಿಡಿ. ಹೆಸರಿನಿಂದ ಹುಡುಕುವುದೂ ಕಷ್ಟ, ಅದರಲ್ಲೂ ಕನ್ನಡದವು. ಕವರಿನ ಮೇಲೆ ಕನ್ನಡ, ಪ್ಲೇಟಿನ ನಡುವೆ ಅಂಟಿಸಿದ ಲೇಬಲ್ ಮೇಲೆ ಇಂಗ್ಲಿಷ್. ಆ ಇಂಗ್ಲಿಷ್ ಕಾಗುಣಿತಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಬಂಗಾರ ಎಂಬಲ್ಲಿ ಒಬ್ಬರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು. ಪಿ.ಬಿ. ಶ್ರೀನಿವಾಸ್ ಹೆಸರಿನ ಕೊನೆ ಒಂದು ಕಡೆ ‘ವಾಸ್’, ಇನ್ನೊಂದು ಕಡೆ ‘ವೋಸ್’. ಆದ್ದರಿಂದ ಕ್ಯಾಟಲಾಗ್ ನಂಬರಿನಿಂದಲೇ ಹುಡುಕಬೇಕು. ಎಚ್‌ಎಂವಿಯ ಏಳಿಂಚಿನ ಇಪಿಗಳಲ್ಲಿ ಅದು ‘7ಇಪಿಇ’ ಎಂದು, ಹನ್ನೆರಡಿಂಚಿನ ಎಲ್‌ಪಿಗಳಲ್ಲಿ ‘ಇಸಿಎಲ್‌ಪಿ’, ‘ಇಸಿಎಸ್‌ಡಿ’ ಎಂಬಂತೆ ಶುರುವಾಗುತ್ತದೆ. ಅಕ್ಷರ ಮತ್ತು ಅಂಕಿ ಎರಡನ್ನೂ ಒಂದು ಜಾಗ ಬಿಟ್ಟು ಹಾಕಿ. ಸಿಗದಿದ್ದರೆ ಜಾಗ ತೆಗೆದು, ಅದಕ್ಕೂ ಸಿಗದಿದ್ದರೆ ಬರೀ ಅಂಕಿ ಹಾಕಿ ದೇಶವನ್ನು ಭಾರತಕ್ಕೆ ಸೀಮಿತಗೊಳಿಸಿ.

ಇಷ್ಟಾದರೂ ಸಿಗದ ಕನ್ನಡ ಇಪಿ ಎದುರಾಗಿಯೇ ಆಗುತ್ತದೆ. ಆಗ ನೀವೇ ಸೇರಿಸಬೇಕು. ರೆಕಾರ್ಡು ಕೈಯಲ್ಲಿರಲೇಬೇಕು ಎಂಬುದು ತಾಣದ ನಿಯಮ, ನೆನಪಿನಿಂದ ಬರೆಯುವಂತಿಲ್ಲ. ಎರಡೂ ಬದಿಯ ಲೇಬಲ್, ಕವರಿನ ಮುಂದೆ ಹಿಂದೆ, ಹೀಗೆ ನಾಲ್ಕು ಫೋಟೊ ತೆಗೆದಿಟ್ಟುಕೊಂಡು ಕೂತರೆ ಪ್ಲೇಟನ್ನು ಮತ್ತೆ ಮತ್ತೆ ಹೊರತೆಗೆಯುವ ಕೆಲಸ ತಪ್ಪುತ್ತದೆ. ಕವರಿನ ನಂಬರೂ ಲೇಬಲ್ಲಿನ ನಂಬರೂ ಬೇರೆಯಾಗಿದ್ದರೆ ಎರಡನ್ನೂ ನಮೂದಿಸಿ. ಹಾಡು ಮುಗಿದ ಮೇಲೆ ಲೇಬಲ್‌ವರೆಗಿನ ಖಾಲಿ ಉಂಗುರದಲ್ಲಿ ಒತ್ತಿರುವ ಅಥವಾ ಕೈಯಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಅಕ್ಷರಗಳನ್ನು ಎ ಬದಿ, ಬಿ ಬದಿ ಬೇರೆಬೇರೆಯಾಗಿ ಬರೆಯಬೇಕು. ನೇರ ಬೆಳಕಿನಲ್ಲಿ ಅವು ಕಾಣುವುದಿಲ್ಲ. ಟಾರ್ಚನ್ನು ಪ್ಲೇಟಿಗೆ ಸಮಾನಾಂತರವಾಗಿ, ಅಂಚಿನಿಂದ ಹಿಡಿದರೆ ಎದ್ದು ಕಾಣುತ್ತವೆ. ಒಂದೇ ನಂಬರಿನ ಎರಡು ಮುದ್ರಣಗಳನ್ನು ಬೇರ್ಪಡಿಸುವುದು ಬಹಳ ಸಲ ಈ ಗುರುತೇ.

ವರ್ಷದ ವಿಷಯದಲ್ಲಿ ಎಚ್ಚರ. ಸಿನಿಮಾ ತೆರೆಕಂಡ ವರ್ಷ ರೆಕಾರ್ಡಿನ ವರ್ಷವಲ್ಲ. ಓಡಿದ ಹಾಡುಗಳ ಇಪಿಗಳು ವರ್ಷಗಳ ಮೇಲೂ ಅಚ್ಚಾಗಿವೆ. ಪ್ಲೇಟಿನ ಮೇಲಾಗಲಿ ಕವರಿನ ಮೇಲಾಗಲಿ ಅಚ್ಚಾಗಿರದಿದ್ದರೆ ಆ ಜಾಗ ಖಾಲಿ ಬಿಡಿ. 78 ವೇಗದ ಹಳೆಯ ಪ್ಲೇಟಿದ್ದರೆ ಫಾರ್ಮ್ಯಾಟ್‌ನಲ್ಲಿ ವಿನೈಲ್ ಅಲ್ಲ, ಶೆಲ್ಲಾಕ್ ಆರಿಸಬೇಕು. ತಪ್ಪು ಸೇರಿಸಿದರೆ ಉಳಿದ ಬಳಕೆದಾರರು ಮತ ಹಾಕಿ ಎತ್ತಿ ತೋರಿಸುತ್ತಾರೆ. ಮಾತು ಸ್ವಲ್ಪ ಖಾರವಾಗಿಯೇ ಇರುತ್ತದೆ, ಆದರೆ ಪಟ್ಟಿ ಇಷ್ಟು ನಂಬುವಂತಿರುವುದು ಆ ಜಿಗುಟುತನದಿಂದಲೇ.

ಪ್ರತಿ ರೆಕಾರ್ಡಿನ ಜೊತೆ ಪ್ಲೇಟಿನ ಸ್ಥಿತಿ, ಕವರಿನ ಸ್ಥಿತಿ, ಟಿಪ್ಪಣಿ ಎಂಬ ಮೂರು ಜಾಗ ಸಿದ್ಧವಾಗಿ ಬರುತ್ತವೆ. ಸ್ಥಿತಿಗೆ ಅಮೆರಿಕದ ರೆಕಾರ್ಡು ಪತ್ರಿಕೆ ಗೋಲ್ಡ್‌ಮೈನ್‌ನ ಅಳತೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಪ್ಲಸ್, ಹೀಗೆ ಇಳಿಯುತ್ತಾ ಪೂರ್‌ವರೆಗೆ. ಹೆಸರು ನೋಡಿ ಮೋಸಹೋಗಬೇಡಿ. ಈ ಅಳತೆಯಲ್ಲಿ ‘ಗುಡ್’ ಎಂದರೆ ಕೇಳಲು ಕಷ್ಟವಾಗುವ ಪ್ಲೇಟು. ಒಂದೇ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ ಕಂಡೂ ಉಗುರಿಗೆ ತಾಗದಿದ್ದರೆ ವೆರಿ ಗುಡ್ ಪ್ಲಸ್‌ನಲ್ಲಿ ನಿಲ್ಲಬಹುದು. ಉಗುರಿಗೆ ಸಿಕ್ಕಿತೆಂದರೆ ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ, ಆಗ ವೆರಿ ಗುಡ್ ಅಥವಾ ಅದಕ್ಕೂ ಕೆಳಗೆ. ನಮ್ಮ ಕಡೆಯ ಇಪಿಗಳ ದೊಡ್ಡ ಕಾಯಿಲೆ ಬೇರೆ: ಹಳೆಯ ರೇಡಿಯೋಗ್ರಾಂಗಳ (ರೇಡಿಯೋ, ಪ್ಲೇಯರ್ ಎರಡೂ ಇರುವ ಪೆಟ್ಟಿಗೆಗಳ) ಭಾರದ ತೋಳು, ಸವೆದ ಮುಳ್ಳು. ಗೀರೇ ಇಲ್ಲದ ಪ್ಲೇಟು ಹೊಳಪು ಕಳೆದು ಬೂದಿಯಾಗಿರುತ್ತದೆ. ಜಾನಕಿಯವರ ದನಿ ಮೇಲೇರಿದಲ್ಲಿ, ಅದೂ ಲೇಬಲ್ ಹತ್ತಿರ ಬಂದಾಗ, ಕರಕರ ಎಂದು ಒಡೆಯುತ್ತದೆ. ಅದಕ್ಕೆ ತೊಳೆಯುವುದರಿಂದ ಪರಿಹಾರವಿಲ್ಲ. ಆದ್ದರಿಂದ ಕಣ್ಣಿನಿಂದ ಕೊಟ್ಟ ಅಂಕಕ್ಕೂ ಕೇಳಿ ಕೊಟ್ಟ ಅಂಕಕ್ಕೂ ಟಿಪ್ಪಣಿಯಲ್ಲಿ ಬೇರೆ ಬೇರೆ ಸಾಲು ಇರಲಿ.

ಫೋಲ್ಡರುಗಳು ಇವೆ, ಆದರೆ ಒಂದು ಪ್ರತಿ ಒಂದೇ ಫೋಲ್ಡರಿನಲ್ಲಿ ಕೂರುತ್ತದೆ. ‘ಕನ್ನಡ’ ಎಂದೊಂದು, ‘ಇಪಿ’ ಎಂದೊಂದು ಮಾಡಿದರೆ ಕನ್ನಡದ ಇಪಿ ಎಲ್ಲಿ ಹೋಗಬೇಕು? ಫೋಲ್ಡರುಗಳಿಗೆ ಕಪಾಟಿನ ಖಾನೆಗಳ ಹೆಸರಿಡುವುದು ಸರಿಯಾದ ದಾರಿ. ಉಳಿದದ್ದಕ್ಕೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮದೇ ಕಾಲಂ ಸೇರಿಸಬಹುದು: ಭಾಷೆಗೆ ಆಯ್ಕೆಪಟ್ಟಿ, ತೊಳೆದ ತಾರೀಖಿಗೆ ಬರಹದ ಜಾಗ. ಮಂಗಳೂರು, ಕಾರವಾರದ ಕಡೆಯವರು ‘ಬೂಷ್ಟು ನೋಡಿದ ತಿಂಗಳು’ ಎಂಬುದನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಬೆಲೆ. ಸಂಗ್ರಹಕ್ಕೆ ಕನಿಷ್ಠ, ಮಧ್ಯಮ, ಗರಿಷ್ಠ ಎಂದು ಮೂರು ಮೊತ್ತ ತೋರಿಸಿ ಮನಸ್ಸು ಹಿಗ್ಗಿಸುತ್ತದೆ. ಇದು ಆ ತಾಣದ ಹಿಂದಿನ ಮಾರಾಟಗಳಿಂದ ಬಂದ ಲೆಕ್ಕ. ನಿಮ್ಮ ಪ್ರತಿಯ ಸ್ಥಿತಿ ಅದರ ಲೆಕ್ಕಕ್ಕಿಲ್ಲ. ನೂರಾರು ಸಲ ಮಾರಾಟವಾದ ಇಂಗ್ಲಿಷ್ ರಾಕ್ ಎಲ್‌ಪಿಗೆ ಮಧ್ಯಮ ಬೆಲೆ ಎನ್ನುವುದಕ್ಕೆ ಅರ್ಥವಿದೆ. ಎರಡೇ ಸಲ ಮಾರಾಟವಾದ ಕನ್ನಡ ಇಪಿಗೆ ಅದು ಇಬ್ಬರು ಕೊಟ್ಟ ದುಡ್ಡು, ಅಷ್ಟೆ. ಒಮ್ಮೆಯೂ ಮಾರಾಟವಾಗದ್ದು ಮೊತ್ತಕ್ಕೇ ಸೇರುವುದಿಲ್ಲ, ಅಪರೂಪದ ಪ್ಲೇಟು ಸೊನ್ನೆಯಾಗಿ ಕೂತಿರುತ್ತದೆ. ಬೆಲೆ ನೋಡಲೇಬೇಕಿದ್ದರೆ ಆ ರಿಲೀಸಿನ ಮಾರಾಟ ಚರಿತ್ರೆ ತೆರೆದು ಯಾವ ತಾರೀಖು, ಯಾವ ಸ್ಥಿತಿ ಎಂದು ಸಾಲುಸಾಲಾಗಿ ಓದಿ.

ಕೊಳ್ಳುವ ಮಾರುಕಟ್ಟೆಯಾಗಿ ಇಲ್ಲಿನವರಿಗೆ ಇದರ ಉಪಯೋಗ ಕಡಿಮೆ. ಅಲ್ಲಿ ಹೆಚ್ಚಾಗಿ ಹಣ ಕೊಡುವ ದಾರಿಯಾದ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹಾಗಾಗಿ ಬೆಂಗಳೂರಿನವರು ಮುಂಬೈಯವರಿಂದ ಆ ದಾರಿಯಲ್ಲಿ ಕೊಳ್ಳುವಂತಿಲ್ಲ. ಹೊರದೇಶದಿಂದ ತರಿಸಿದರೆ ಅಂಚೆಯ ಖರ್ಚು, ಕಸ್ಟಮ್ಸ್ ಸುಂಕ ಸೇರಿ ಒಂದು ಪ್ಲೇಟಿಗೆ ಎರಡು ಪ್ಲೇಟಿನ ದುಡ್ಡಾಗುವುದೂ ಉಂಟು. ವಿದೇಶದಲ್ಲಿರುವ ಕನ್ನಡಿಗರಿಗೆ ಮಾತ್ರ ಅಲ್ಲಿನ ಮಾರಾಟಗಾರರ ಬಳಿ ದಮ್‌ದಮ್ ಮುದ್ರಣಗಳು ಆಗಾಗ ಸಿಗುತ್ತವೆ. ವಾಂಟ್‌ಲಿಸ್ಟ್‌ಗೆ, ಅಂದರೆ ಬೇಕಾದವುಗಳ ಪಟ್ಟಿಗೆ, ಹಾಕಿಟ್ಟರೆ ಬಂದಾಗ ಸುದ್ದಿ ಮುಟ್ಟುತ್ತದೆ.

ರಿಲೀಸಿನ ಪುಟವನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಟ್ಟುಕೊಳ್ಳಿ. ನಿಮ್ಮ ಟಿಪ್ಪಣಿ, ಸ್ಥಿತಿ, ಫೋಲ್ಡರ್, ರಿಲೀಸ್ ಐಡಿ ಎಲ್ಲ ಅದರಲ್ಲಿ ಬರುತ್ತವೆ. ಆ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ಕ್ಲಿಕ್ಕಿಸಿ ತೆರೆದರೆ ಕನ್ನಡ ಅಕ್ಷರಗಳು ಗಜಿಬಿಜಿಯಾಗಬಹುದು. ಡೇಟಾ ಮೆನುವಿನಿಂದ ಆಮದು ಮಾಡಿ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿದರೆ ಸರಿಯಾಗಿ ಬರುತ್ತವೆ.