ಆಯಿಲ್ ಕೂಲರ್ ಹೋಸ್ ಕಿಟ್: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಟೆಕ್ಸಾಸ್‌ನಲ್ಲಿ ಓಡಿಸುವ ನನ್ನ ಹಳೇ ಡೀಸೆಲ್ ಪಿಕಪ್ ಟ್ರಕ್‌ಗೆ ಈ ಕಿಟ್ ಹಾಕಿದೆ. ಎಂಜಿನ್ ಎಣ್ಣೆಯನ್ನು ತಣ್ಣಗಾಗಿಸುವ ಕೂಲರ್‌ಗೆ ಎಣ್ಣೆ ಒಯ್ದು ವಾಪಸ್ ತರುವ ಹೋಸ್‌ಗಳು ಇವು. ಹಳೇ ಲೈನ್ ಒಡೆದಿರಲಿಲ್ಲ. ಆದರೆ ರಬ್ಬರ್ ಹೋಸನ್ನು ಲೋಹದ ಪೈಪಿಗೆ ಕ್ರಿಂಪ್ ಮಾಡಿದ (ಒತ್ತಿ ಬಿಗಿದ) ಜಾಗದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಇದನ್ನು ಸುಮ್ನೆ ಒರೆಸಿ ಬಿಡಬೇಡಿ, ಒಳಗೆ ಆಯಿಲ್ ಪಂಪಿನ ಒತ್ತಡ ಇರುತ್ತದೆ, ಹೈವೇಯಲ್ಲಿ ಕಿತ್ತುಕೊಂಡರೆ ಎಣ್ಣೆಯೆಲ್ಲ ರಸ್ತೆಗೆ ಸುರಿದು ಬೇರಿಂಗ್, ಆಮೇಲೆ ಎಂಜಿನ್ನೇ ಹೋಗುತ್ತದೆ.

ಸ್ಟೀಲ್ ಹೆಣಿಗೆಯ ಹೋಸ್, ಅಳತೆ ಸರಿಯಾಗಿದೆ. ಬೇಜಾರು ಒಂದೇ: ಫ್ರೇಮಿಗೆ ತಾಗುವ ಕಡೆ ರಬ್ಬರ್ ಕವರ್ ಕೊಟ್ಟಿಲ್ಲ. ಈ ಸ್ಟೀಲ್ ಜಾಲರಿ ಉಜ್ಜಿ ಉಜ್ಜಿ ಪಕ್ಕದ್ದನ್ನೆಲ್ಲ ಗರಗಸದಂತೆ ಕೊಯ್ಯುತ್ತದೆ, ಅಲ್ವಾ? ಹೋಸ್ ಎಲ್ಲೂ ತಾಗದಂತೆ ಹಿಡಿದಿಡಲು ಕ್ಲಿಪ್ ಬೇರೆಯಾಗಿ ತಗೊಳ್ಳಿ. ಕೂಲರ್ ಕಡೆಯ ನಟ್ ಬಿಚ್ಚುವಾಗ ಎರಡು ಸ್ಪ್ಯಾನರ್ ಹಿಡಿಯಿರಿ, ಇಲ್ಲಾಂದ್ರೆ ಕೂಲರಿನ ಫಿಟ್ಟಿಂಗೇ ತಿರುಚಿಕೊಳ್ಳುತ್ತದೆ. ಹಾಕಿದ ಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಎಣ್ಣೆ ಮಟ್ಟ ಇನ್ನೊಮ್ಮೆ ನೋಡಿ.