‘ಅರಮನೆ ಕಾಲದ ದಂತ’ ಅಂತ ತೋರಿಸಿದರೆ ಕೈಗೂ ತಗೊಳ್ಬೇಡಿ

ಕೆಲಸಕ್ಕೋ ಪ್ರವಾಸಕ್ಕೋ ಬೀಜಿಂಗ್ ಕಡೆ ಹೋಗುವವರು ದಯವಿಟ್ಟು ಇದನ್ನು ಓದಿ. ಕಳೆದ ವರ್ಷ ಅಲ್ಲಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ನಾನು 3,800 ಯುವಾನ್ ಕಳೆದುಕೊಂಡೆ. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 45 ಸಾವಿರ.

ಅಂಗೈಯಷ್ಟು ದೊಡ್ಡ ಬಿಳಿ ಆನೆ, ಬೆನ್ನ ಮೇಲೆ ಹೂದಾನಿ, ಸುತ್ತ ಐದು ಬಾವಲಿ. 1736ರಿಂದ 1795ರವರೆಗೆ ಆಳಿದ ಚಿಯೆನ್‌ಲಾಂಗ್ ಚಕ್ರವರ್ತಿಯ ಅರಮನೆ ಕಾರ್ಖಾನೆಯ ಆನೆದಂತದ ಕೆತ್ತನೆ ಅಂದ ಅಂಗಡಿಯವನು. ಅಡಿಯಲ್ಲಿ ಮುದ್ರೆಯೂ ಇತ್ತು. ಆಮೇಲೆ ಅರ್ಥ ಬಿಡಿಸಿ ಹೇಳತೊಡಗಿದ, ನಾನು ಬಿದ್ದದ್ದೇ ಅಲ್ಲಿ. ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದರೆ ಅಪಶಕುನ ಅಲ್ವಾ, ಅವರ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ‘ಫು’ ಅನ್ನೋ ಒಂದೇ ಉಚ್ಚಾರ, ಹಾಗಾಗಿ ಐದು ಬಾವಲಿ ಅಂದರೆ ಆಯುಸ್ಸು, ಸಿರಿ, ಆರೋಗ್ಯ, ಒಳ್ಳೇ ನಡತೆ, ನೆಮ್ಮದಿಯ ಸಾವು ಅಂತ ಐದು ಭಾಗ್ಯ. ಹೂದಾನಿಗೆ ‘ಪಿಂಗ್’, ಶಾಂತಿಗೂ ಅದೇ ಸದ್ದು. ಆನೆ ಅದನ್ನು ಹೊತ್ತರೆ ನಾಡೆಲ್ಲ ತಣ್ಣಗಿದೆ ಅಂತ. ಅವನು ಹೇಳಿದ ಅರ್ಥಗಳೆಲ್ಲ ನಿಜವೇ, ವಸ್ತು ಮಾತ್ರ ಸುಳ್ಳು. (ಆನೆ ಕೊಂದು ತೆಗೆದ ದಂತದಲ್ಲಿ ಶಾಂತಿ ಹೊತ್ತ ಆನೆ! ಆಗ ಇದು ಹೊಳೆಯಲೇ ಇಲ್ಲ, ಈಗ ನೆನೆದರೆ ಹೊಟ್ಟೆ ಉರಿಯುತ್ತೆ.)

ರೂಮಿಗೆ ಬಂದು ಫೋನಿನ ಟಾರ್ಚ್ ಬಿಟ್ಟು ನೋಡಿದೆ. ಐದೂ ಬಾವಲಿಗಳ ಎಡರೆಕ್ಕೆ ತುದಿಯಲ್ಲಿ ಒಂದೇ ಥರದ ಮುಕ್ಕು. ಕೈಯಲ್ಲಿ ಕೆತ್ತಿದರೆ ಐದು ಸಲ ಅದೇ ಜಾಗದಲ್ಲಿ ಮುರಿಯುತ್ತಾ? ಆನೆ ಹೊಟ್ಟೆ ಕೆಳಗೆ ಅಚ್ಚಿನ ಗೆರೆ, ಅದರ ಪಕ್ಕ ಸೂಜಿಮೊನೆಯಷ್ಟು ಗಾಳಿಗುಳ್ಳೆಗಳು. ಅಸಲಿ ದಂತವನ್ನು ಅಡ್ಡ ಕೊಯ್ದ ಕಡೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳ ಬಲೆ ಕಾಣುತ್ತೆ, ಮೂಳೆಯಾದರೆ ಸಣ್ಣ ಕಪ್ಪು ಚುಕ್ಕೆ. ಇದರಲ್ಲಿ ಎರಡೂ ಇಲ್ಲ, ಅಚ್ಚಿಗೆ ಸುರಿದು ಮಾಡುವ ಪ್ಲಾಸ್ಟಿಕ್‌ನಂಥ ಬರೀ ರೆಸಿನ್. ಮರುದಿನ ಹೋಗಿ ಕೇಳಿದೆ. ಬಿಲ್ಲಿನಲ್ಲಿ ‘ಕರಕುಶಲ ವಸ್ತು’ ಅಂತಷ್ಟೇ ಇದೆಯಲ್ಲ ಅಂದ.

ಅಸಲಿ ಆಗಿದ್ದರೆ ಇನ್ನೂ ಕೆಟ್ಟದು. 2017ರ ಕೊನೆಗೇ ಚೀನಾ ದಂತದ ವ್ಯಾಪಾರ ನಿಲ್ಲಿಸಿದೆ. 1911ಕ್ಕಿಂತ ಹಳೆಯ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಜೈಲು.

ಅಸಲಿ ದಂತದ ಕೆತ್ತನೆ ನೋಡಲೇಬೇಕು ಅಂದರೆ ತೈವಾನಿನ ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂಗೆ ಹೋಗಿ. ಒಂದರೊಳಗೊಂದು ತಿರುಗುವ ದಂತದ ಚೆಂಡು ಅಲ್ಲಿದೆ.

ನನ್ನ ಆನೆ ಮೇಜಿನ ಖಾನೆಯಲ್ಲಿದೆ. ಮುಂದೆ ಯಾರ ಕೈಗಾದರೂ ಸಿಕ್ಕಿ ಅವರೂ ಮೋಸ ಹೋಗಬಾರದು ಅಂತ, ಆ ಮುದ್ರೆಯ ಮೇಲೇ ಮಾರ್ಕರ್‌ನಲ್ಲಿ ‘ನಕಲಿ’ ಅಂತ ದಪ್ಪಗೆ ಬರೆದಿಟ್ಟಿದ್ದೇನೆ.