ಹುಳುಕು ಮೊದಲು, ಬೆಲೆ ಆಮೇಲೆ: ಮಡಿಕೇರಿಯ ಹಳೆ ಪುಸ್ತಕದಂಗಡಿ

ಮನೆಯ ಅಟ್ಟದಲ್ಲಿ ಹಳೆ ಪುಸ್ತಕ ಇಟ್ಟುಕೊಂಡು, ಮಾರೋದಾ ಇಟ್ಟುಕೊಳ್ಳೋದಾ ಅಂತ ಯೋಚನೆ ಮಾಡ್ತಿರೋ ಕೊಡಗಿನವರಿಗಾಗಿ ಇದನ್ನು ಬರೀತಿದ್ದೇನೆ. ಮಡಿಕೇರಿಯಲ್ಲಿ ಒಂದು ಅಂಗಡಿ ಇದೆ. ಬೋರ್ಡಿಲ್ಲ. ಒಳಗೆ ಎರಡು ಕಬ್ಬಿಣದ ಬೀರು, ಒಂದು ಮೇಜು, ಒಂದು ಟೇಬಲ್ ಲ್ಯಾಂಪ್, ಅಷ್ಟೇ. ನಡೆಸುವವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾನು ಅಂಕಲ್ ಅಂತಲೇ ಕರೆಯೋದು.

ಅಲ್ಲಿಗೆ ಹೋಗೋ ಮೊದಲು ಒಂದು ಸಲ ಮೋಸ ಹೋಗಿದ್ದೆ. ರಿಕ್ಟರ್ ಬರೆದ ಕೊಡಗಿನ ಮ್ಯಾನ್ಯುಯಲ್ (ನಾಡಿನ ವಿವರ ಕೊಡುವ ಇಂಗ್ಲಿಷ್ ಪುಸ್ತಕ), 1870ರದ್ದು, ಮೂಲ ಪ್ರತಿ ಅಂತ ಆನ್‌ಲೈನ್‌ನಲ್ಲಿ ಒಬ್ಬರು ಹಾಕಿದ್ದರು, ಫೋಟೋದಲ್ಲಿ ಟೈಟಲ್ ಪೇಜ್ ನೋಡಿ ದುಡ್ಡು ಕಳಿಸಿಬಿಟ್ಟೆ. ಬಂದದ್ದು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಪ್ರತಿ. ಹುಳ ತಿಂದ ತೂತುಗಳು ಸಹ ಅಚ್ಚಾಗಿದ್ದವು! ಕಪ್ಪು ಚುಕ್ಕೆ ಕಾಣ್ತದೆ, ಬೆರಳಿಟ್ಟರೆ ಕಾಗದ ನುಣ್ಣಗೆ. ಯಾವುದೋ ಲೈಬ್ರರಿಯ ಸೀಲು ಕೂಡ ಅಕ್ಷರಗಳ ಬಣ್ಣದಲ್ಲೇ ಇತ್ತು. ವಾಪಸ್ ತಗೊಳ್ಳಲಿಲ್ಲ.

ಅದಕ್ಕೇ ಈ ಅಂಗಡಿಗೆ ಅನುಮಾನ ಇಟ್ಟುಕೊಂಡೇ ಹೋದೆ. ಒಂದು ಶುಕ್ರವಾರ, ಸಂತೆಗೆ ಬಂದವಳು ಚೀಲದಲ್ಲಿ ಎರಡು ಪುಸ್ತಕ ಹಾಕಿಕೊಂಡು ಬಂದಿದ್ದೆ. ಎರಡೂ ನಮ್ಮಜ್ಜನವು. ಒಂದು ಜೈಮಿನಿ ಭಾರತ, ಮೊದಲ ಹಾಳೆಗಳೇ ಇಲ್ಲ. ಇನ್ನೊಂದು ಅದೇ ರಿಕ್ಟರ್ ಪುಸ್ತಕ, ಇದು ನಿಜವಾದದ್ದು. ಅಜ್ಜನ ಕಾಲದಿಂದ ಮನೇಲಿದ್ದದ್ದನ್ನು ನಾನು ನೋಡಿರಲೇ ಇಲ್ಲ, ಅಟ್ಟ ಖಾಲಿ ಮಾಡುವಾಗ ಸಿಕ್ಕಿತು.

ಅಂಕಲ್ ಮೊದಲು ಕೈ ತೊಳೆದು ಒರೆಸಿಕೊಂಡರು. ಜೈಮಿನಿಯ ಒಂದು ಹಾಳೆ ಎತ್ತಿ ಹಿಂಬದಿಗೆ ಬೆರಳು ಸವರಿದರು. ನನ್ನ ಕೈಲೂ ಸವರಿಸಿದರು. "ಉಬ್ಬು ಸಿಗ್ತದಾ ಮೇಡಂ?" ಸಿಗಲಿಲ್ಲ. ಲೋಹದ ಅಕ್ಷರ ಜೋಡಿಸಿ ಹಾಕುವ ಮೊಳೆ ಅಚ್ಚಾಗಿದ್ದರೆ ಅಕ್ಷರ ಒತ್ತಿದ ಗುರುತು ಹಿಂದೆ ಸಿಗ್ತಿತ್ತು, ಇದು ಕಲ್ಲಚ್ಚು ಅಂದರು. ಜಿಡ್ಡಿನ ಮಸಿಯ ಬರಹವನ್ನು ಕಲ್ಲಿಗೆ ಇಳಿಸಿ, ಕಲ್ಲು ಒದ್ದೆ ಮಾಡಿ ಮಸಿ ಹಚ್ಚಿದರೆ ಬರಹಕ್ಕೆ ಮಾತ್ರ ಮಸಿ ಹಿಡಿಯುತ್ತೆ. ಅಂದರೆ ಪುಟದಲ್ಲಿ ಇರೋದು ಯಾರೋ ಒಬ್ಬರ ಕೈಬರಹ. ಲೆನ್ಸ್ ಹಿಡಿದು ನೋಡಿದೆ. ಒಂದೇ ಸಾಲಿನ ಎರಡು 'ಳ' ಬೇರೆ ಬೇರೆ ಥರ ಇದ್ದವು. ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಅವರು ಸುಮ್ನೆ ಕೂತಿದ್ದರು.

ಮಂಗಳೂರಿನದಾ ಅಂತ ಕೇಳಿದೆ. ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಷನ್‌ನವರು 1841ರಲ್ಲಿ ಅಲ್ಲಿ ಪ್ರೆಸ್ ಶುರು ಮಾಡಿದ್ದೇ ಕಲ್ಲಚ್ಚಿನಿಂದ, 1843ರ ಮಂಗಳೂರ ಸಮಾಚಾರ ಪತ್ರಿಕೆಯೂ ಕಲ್ಲಚ್ಚಿನದೇ, ಅಷ್ಟು ನನಗೂ ಗೊತ್ತಿತ್ತು. ಅಂಕಲ್ ಹೇಳೋಕಾಗಲ್ಲ ಅಂತ ತಲೆಯಾಡಿಸಿದರು. ಟೈಟಲ್ ಪೇಜ್ ಇಲ್ಲ, ಬೇರೆ ಊರಲ್ಲೂ ಕಲ್ಲಚ್ಚಿನ ಪ್ರೆಸ್ ಇದ್ದವು, ಪುಸ್ತಕ ಹೇಳದ ಊರನ್ನೂ ಇಸವಿಯನ್ನೂ ನಾನು ಚೀಟಿ ಮೇಲೆ ಬರೆಯಲ್ಲ ಅಂದರು. ಬರೆದಿದ್ದರೆ ಬೆಲೆ ಏರ್ತಿತ್ತು ಅಲ್ವಾ? ಅವರಿಗೂ ಲಾಭ, ನನಗೂ ಲಾಭ.

ಆಮೇಲೆ ಎಣಿಕೆ. ಜೈಮಿನಿಯಲ್ಲಿ 34 ಸಂಧಿ (ಅಧ್ಯಾಯ), ಪ್ರತಿ ಸಂಧಿಯ ಪದ್ಯಕ್ಕೂ ನಂಬರ್ ಇರುತ್ತೆ. ಅದನ್ನೇ ಹಿಡಿದು ಒಂದೂವರೆ ಗಂಟೆ ತಿರುವಿ ಹಾಕಿದರು. ಒಂದು ಕಡೆ 22ನೇ ಪದ್ಯ ಮುಗಿದ ಮೇಲೆ ನೇರ 31. ನಡುವಿನ ಒಂದು ಹಾಳೆ ಹೋಗಿದೆ. ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಕೊನೆಗೆ ಹಿಂದಿನ ರಟ್ಟಿನ ಒಳಬದಿ ತೋರಿಸಿ, ಇದನ್ನು ಓದಿದ್ದೀರಾ ಅಂತ ಕೇಳಿದರು. ಅಜ್ಜನ ಅಪ್ಪ ಮಕ್ಕಳು ಹುಟ್ಟಿದ ದಿನಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. "ಇದು ನನ್ನ ಗಿರಾಕಿಗೆ ಏನೂ ಅಲ್ಲ, ನಿಮಗೆ ಬೇಕಾದ್ದು" ಅಂತ ಪುಸ್ತಕ ನನ್ನ ಕಡೆಗೆ ಸರಿಸಿದರು. ಮಾರಲಿಲ್ಲ.

ರಿಕ್ಟರ್ ಮಾರಿದೆ. 5,500 ರೂಪಾಯಿ ಕೊಟ್ಟರು, ತಾವು 8,000ಕ್ಕೆ ಇಡ್ತೇವೆ ಅಂತಲೂ ಹೇಳಿದರು. ನಾನು ಇನ್ನೂ ಜಾಸ್ತಿ ಎಣಿಸಿದ್ದೆ. ಆದರೆ ಪುಸ್ತಕದ ಬೆನ್ನಿಗೆ ಮನೆಯಲ್ಲಿ ಯಾರೋ ಸೆಲ್ಲೋಟೇಪ್ ಅಂಟಿಸಿದ್ದರು, ಅದರ ಗೋಂದು ಹಳದಿಯಾಗಿ ಬಟ್ಟೆಯೊಳಗೆ ಇಳಿದಿತ್ತು. ಕಿತ್ತರೆ ಬಟ್ಟೆಯೂ ಬರುತ್ತೆ. ದಯವಿಟ್ಟು ಯಾರೂ ಹಳೆ ಪುಸ್ತಕಕ್ಕೆ ಟೇಪ್ ಹಾಕಬೇಡಿ, ಹರಿದಿದ್ದರೆ ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿಡಿ, ಸಾಕು.

ತೊಂದರೆ ಇಲ್ಲ ಅಂತಲ್ಲ. ಬಾಗಿಲು ಯಾವಾಗ ತೆಗೀತಾರೆ ಅಂತ ಹೇಳೋಕಾಗಲ್ಲ, ನಾನು ಎರಡು ಸಲ ವಾಪಸ್ ಬಂದಿದ್ದೇನೆ. ದೂರದಿಂದ ಬರೋರಿಗೆ ಇದು ದೊಡ್ಡ ಕಷ್ಟ. ಕಕ್ಕಡ ತಿಂಗಳ ಮಳೆಯಲ್ಲಿ ಬೀರು ತೆಗೆಯೋದೇ ಇಲ್ಲ, ಥಂಡಿ ಒಳಗೆ ಹೋಗುತ್ತೆ ಅಂತ. ಅದು ಸರಿಯೇ, ನಮ್ಮ ಕಡೆ ಒಂದೇ ಮಳೆಗಾಲಕ್ಕೆ ರಟ್ಟಿನ ಮೇಲೆ ಬೂಷ್ಟು ಬರುತ್ತೆ. ಅಜ್ಜನ ಪುಸ್ತಕ ಉಳಿದದ್ದು ಒಲೆಯ ಮೇಲಿನ ಅಟ್ಟದಲ್ಲಿ ಇದ್ದದ್ದರಿಂದ, ಹೊಗೆ ಹಿಡಿದು ಕಪ್ಪಾಗಿದೆ, ಹುಳ ಮುಟ್ಟಿಲ್ಲ.

ತಾಳೆಗರಿ, ಕೈಬರಹದ ಕಟ್ಟು ತಂದರೆ ಅವರು ಕೊಳ್ಳಲ್ಲ, ಪುರಾತನ ವಸ್ತುಗಳ 1972ರ ಕಾಯ್ದೆ ಇದೆ ಅಂತ ವಾಪಸ್ ಕಳಿಸ್ತಾರೆ. ಅಚ್ಚಾದ ಪುಸ್ತಕ ಮಾತ್ರ. ಹೋಗುವಾಗ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಒಯ್ಯಬೇಡಿ, ಹಳೆ ಪಂಚೆಯಲ್ಲಿ ಸುತ್ತಿ. ಬೆಳಗ್ಗೆಯೇ ಹೋಗಿ, ಎಣಿಕೆಗೆ ಹೊತ್ತು ಹಿಡಿಯುತ್ತೆ.